ಮೂವರಿಗೆ ಹತ್ತು ಸಾವಿರ, ಕಮಲಾಪುರಕ್ಕೆ ನೂರು

ನಮ್ಮ ಸಂಸ್ಥೆಯ ಸೆಕ್ರೆಟರಿಯವರು ಹೊರಗಿನಿಂದ ಬಂದ ಅತಿಥಿಗಳನ್ನು ಕಂಪ್ಯೂಟರ್ ಕೋಣೆಗೆ ಕರೆತಂದು, ಪರದೆಯ ಮೇಲಿನ ಅಂಕಿ ತೋರಿಸಿ, "ನೂರಕ್ಕ ನೂರು ದುಡೀತದ ನೋಡ್ರಿ, ಒಂದು ನಿಮಿಷ ಖಾಲಿ ಕೂಡಂಗಿಲ್ಲ" ಎಂದು ಹೆಮ್ಮೆಪಡುತ್ತಿದ್ದಾಗಲೇ, ಆ ಯಂತ್ರ ನೋಡಿಕೊಳ್ಳುವ ನನ್ನ ಮೇಜಿನ ಫೋನು ಬಡಿದುಕೊಂಡಿತು. ಆ ಕಡೆ ಕಮಲಾಪುರದ ದವಾಖಾನೆಯ ಸಿಸ್ಟರ್. ಒಂದು ರಿಪೋರ್ಟ್ ತೆರೆಯುವಷ್ಟರಲ್ಲಿ ಚಹಾ ಕಾಸಿ, ಕುಡಿದು, ಲೋಟ ತೊಳೆದಿಟ್ಟಾಯಿತು, ಕೌಂಟರಿನ ಮುಂದೆ ಜನ ನನ್ನ ಮೇಲೆ ಹರಿಹಾಯುತ್ತಿದ್ದಾರೆ, ನೀವು ಅಲ್ಲಿ ತಣ್ಣಗೆ ಎ.ಸಿ.ಯಲ್ಲಿ ಕೂತು ಏನು ಮಾಡುತ್ತೀರಿ ಎಂದು ಕೇಳಿದರು. ಅತಿಥಿಗಳ ಎದುರು ನಾನೇನು ಹೇಳಲಿ? ನೋಡುತ್ತೇನೆ ಎಂದಷ್ಟೇ ಹೇಳಿ ಫೋನಿಟ್ಟೆ. ಯಂತ್ರ ನೂರಕ್ಕೆ ನೂರು ದುಡಿಯುತ್ತಿದೆ ಎಂಬುದೇ ನನ್ನ ತಲೆನೋವಾಗಿತ್ತು. ಆ ಯಂತ್ರಕ್ಕೆ ಅಷ್ಟು ಕೆಲಸವನ್ನು ನಮ್ಮಲ್ಲಿ ಯಾರೂ ಕೊಟ್ಟಿರಲಿಲ್ಲ.

ಕಮಲಾಪುರದಲ್ಲಿ ನಮ್ಮ ಸಂಸ್ಥೆಯ ಸಣ್ಣ ದವಾಖಾನೆಯಿತ್ತು. ಅಲ್ಲಿ ತೆಗೆದ ರಕ್ತದ ಮಾದರಿಗಳು ಬೆಳಗಿನ ಜೀಪಿನಲ್ಲಿ ಕಲಬುರಗಿಯ ನಮ್ಮ ಆಸ್ಪತ್ರೆಗೆ ಬರುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಲ್ಯಾಬಿನವರು ಫಲಿತಾಂಶ ತುಂಬಿದರೆ, ಸಿಸ್ಟರ್ ಅದನ್ನು ಕಮಲಾಪುರದ ಕೌಂಟರಿನಲ್ಲಿ ತೆರೆದು, ಪ್ರಿಂಟ್ ತೆಗೆದು ರೋಗಿಯ ಕೈಗೆ ಕೊಡಬೇಕು. ಫೋನಿನಲ್ಲಿ ಅಂಕಿ ಹೇಳಿಸಿಕೊಂಡು ಬರೆದುಕೊಳ್ಳುವುದನ್ನು ಡಾಕ್ಟರು ನಿಲ್ಲಿಸಿದ್ದರು. ಹಿಂದೊಮ್ಮೆ ಒಬ್ಬರ ಸಕ್ಕರೆ ಇನ್ನೊಬ್ಬರ ಹೆಸರಿಗೆ ಬಿದ್ದು ದೊಡ್ಡ ಗಲಾಟೆಯಾಗಿತ್ತು. ಹೀಗಾಗಿ ಕೌಂಟರ್ ಕೈಕೊಟ್ಟ ದಿನ ಜನ ಬಸ್ಸು ಹಿಡಿದು ಕಲಬುರಗಿಗೆ ಬಂದು, ರೋಜಾ ಬಡಾವಣೆಯ ಕಡೆಯಿದ್ದ ಆಸ್ಪತ್ರೆಯಲ್ಲಿ ಸಾಲು ನಿಂತು, ಒಂದು ಚೀಟಿಗಾಗಿ ಇಡೀ ದಿನದ ಕೂಲಿ ಕಳೆದುಕೊಳ್ಳುತ್ತಿದ್ದರು. ಸೆಕ್ರೆಟರಿಯವರು ಆಗಲೇ ಹೇಳಿಬಿಟ್ಟಿದ್ದರು: ಯುಗಾದಿಯ ತನಕ ನೋಡುವುದು, ಸರಿಹೋಗದಿದ್ದರೆ ಕೌಂಟರ್ ಮುಚ್ಚಿ ಸಿಸ್ಟರನ್ನು ಇಲ್ಲಿಯ ವಾರ್ಡಿಗೆ ಹಾಕುವುದು.

ಹೊಸ ಶತಮಾನ ಶುರುವಾಗಿ ಕೆಲವೇ ವರ್ಷಗಳಾಗಿದ್ದವು. ದೊಡ್ಡ ಊರಿನ ಕಂಪನಿಯೊಂದು ಹೊಸದನ್ನು ಕೊಂಡು ಹಳೆಯದನ್ನು ಮಾರಿದಾಗ ನಮ್ಮವರು ಆ ಸೆಕೆಂಡ್ ಹ್ಯಾಂಡ್ ಮೇನ್‌ಫ್ರೇಮ್ ತಂದಿದ್ದರು. ಬೀರುವಿನಷ್ಟು ದೊಡ್ಡ ಯಂತ್ರ, ಒಳಗೆ ಎರಡೇ ಪ್ರೊಸೆಸರ್. ಅದರ ಮೇಲೆ ಒಂದು ಮೇಲ್ವಿಚಾರಣೆಯ ಪ್ರೋಗ್ರಾಂ ಓಡುತ್ತದೆ. ಅದು ಒಂದೇ ಯಂತ್ರವನ್ನು ನಾಲ್ಕು ಸರ್ವರ್‌ಗಳಿಗೆ ಹಂಚಿ, ಪ್ರತಿಯೊಂದಕ್ಕೂ ಇಡೀ ಯಂತ್ರ ತನ್ನದೇ ಎಂದು ನಂಬಿಸುತ್ತದೆ. ಕಾಲೇಜಿನ ಪರೀಕ್ಷಾ ವಿಭಾಗಕ್ಕೊಂದು, ಲೆಕ್ಕಪತ್ರಕ್ಕೊಂದು, ಆಸ್ಪತ್ರೆಯ ಕಚೇರಿಗೊಂದು, ಕಮಲಾಪುರದ ಕೌಂಟರಿಗೊಂದು, ಹೀಗೆ ನಾಲ್ಕು. ಆ ಪ್ರೋಗ್ರಾಂ ಒಂದು ಸರ್ವರ್‌ಗೆ ಕಣ್ಣೆವೆ ಬಡಿಯುವುದಕ್ಕಿಂತ ಕಡಿಮೆ ಹೊತ್ತು ಪ್ರೊಸೆಸರ್ ಕೊಡುತ್ತದೆ, ಕಿತ್ತುಕೊಂಡು ಇನ್ನೊಂದಕ್ಕೆ ಕೊಡುತ್ತದೆ, ಮತ್ತೆ ಮೊದಲನೆಯದಕ್ಕೆ. ಯಾರಿಗೆ ಎಷ್ಟು ಎಂಬುದಕ್ಕೆ ಪ್ರತಿಯೊಂದಕ್ಕೂ ಪಾಲಿನ ಅಂಕಿಯೊಂದನ್ನು ಕೊಟ್ಟಿರುತ್ತಾರೆ. ನಮ್ಮಲ್ಲಿ ಎಲ್ಲರಿಗೂ ನೂರು ನೂರು ಇತ್ತು. ಮುಖ್ಯವಾದ ಮಾತೆಂದರೆ, ಆ ಅಂಕಿ ಲೆಕ್ಕಕ್ಕೆ ಬರುವುದು ಎಲ್ಲರೂ ಒಟ್ಟಿಗೆ ಕೈಚಾಚಿದಾಗ ಮಾತ್ರ. ಒಬ್ಬರು ಸುಮ್ಮನಿದ್ದರೆ ಅವರ ಪಾಲು ಬೇಕಾದವರಿಗೆ ಹೋಗುತ್ತದೆ, ಅವರಿಗೆ ಬೇಕಾದ ಕ್ಷಣ ವಾಪಸ್ ಬರುತ್ತದೆ. ಇದನ್ನು ನಾನು ಆ ವರ್ಷ ಎಷ್ಟು ಸಲ ಹೇಳಿದೆನೋ, ನನ್ನ ಗಂಟಲಿಗೇ ಗೊತ್ತು.

ಮೊದಲು ಟೆಲಿಫೋನ್ ಲೈನಿನ ಮೇಲೆ ಅನುಮಾನಪಟ್ಟೆ. ಪರೀಕ್ಷಿಸಿ ನೋಡಿದರೆ ಲೈನು ಚೆನ್ನಾಗಿಯೇ ಇತ್ತು. ಆಮೇಲೆ ಸರ್ವರ್‌ಗಳ ಗಡಿಯಾರ ನೋಡಿದೆ. ಆ ಕಾಲದ ಸರ್ವರ್‌ಗಳು ಕೆಲಸವಿಲ್ಲದಿದ್ದರೂ ಸೆಕೆಂಡಿಗೆ ನೂರು ಸಲ ಎದ್ದು ಹೊತ್ತು ಎಷ್ಟಾಯಿತೆಂದು ನೋಡಿ ಮಲಗುತ್ತಿದ್ದವು. ಹಾಗೆ ಏಳುತ್ತಿದ್ದರೆ ಮೇಲ್ವಿಚಾರಣೆಯ ಪ್ರೋಗ್ರಾಂಗೆ ಇದು ಖಾಲಿ ಇದೆ ಎಂಬುದೇ ಗೊತ್ತಾಗುವುದಿಲ್ಲ. ಅದನ್ನು ಸರಿಪಡಿಸಲು ಒಂದು ತೇಪೆ, ಅಂದರೆ ಪ್ಯಾಚ್, ಇತ್ತು. ಒಂದೊಂದು ಸರ್ವರನ್ನೂ ನಿಲ್ಲಿಸಿ, ತೇಪೆ ಹಾಕಿ, ಮತ್ತೆ ಎಬ್ಬಿಸಿದೆ. ಒಂದು ಗಂಟೆ ನಿಲ್ಲಿಸಿದ್ದಕ್ಕೆ ಮೂರೂ ವಿಭಾಗದವರಿಂದ ಬೈಸಿಕೊಂಡೆ. ಪರದೆಯ ಅಂಕಿ ಮತ್ತೆ ನೂರಕ್ಕೇ ಹೋಗಿ ನಿಂತಿತು.

ಆಗ ನನಗೆ ಕಂಡ ಸುಲಭದ ದಾರಿಯೆಂದರೆ ಕಮಲಾಪುರದ ಪಾಲನ್ನು ನೂರರಿಂದ ಇನ್ನೂರಕ್ಕೆ ಏರಿಸುವುದು. ಸುಮ್ಮನೆ ಏರಿಸಿಬಿಡಬೇಕಿತ್ತು. ಬದಲಿಗೆ ಶಿಸ್ತಿನವಳಂತೆ ತಿಂಗಳ ಸಭೆಯಲ್ಲಿ ಕೇಳಿದೆ. ಪಾಲು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಲೆಕ್ಕಾಧಿಕಾರಿಗಳು ಮಾರ್ಚ್ ತಿಂಗಳ ಮುಕ್ತಾಯದ ಕೆಲಸವಿದೆ, ತಮಗೆ ಮುನ್ನೂರು ಬೇಕೆಂದರು. ಪರೀಕ್ಷಾ ವಿಭಾಗದ ಮುಖ್ಯಸ್ಥರು ತಾವೇನು ಕಡಿಮೆಯೇ ಎಂದು ಐನೂರು ಕೇಳಿದರು. ಜೊತೆಗೆ ತಮ್ಮ ಸರ್ವರ್‌ಗೆ ನಾಲ್ಕು ಪ್ರೊಸೆಸರ್ ಇರುವಂತೆ ತೋರಿಸಬೇಕೆಂದರು. ಇರುವುದೇ ಎರಡು, ನಾಲ್ಕು ತೋರಿಸಿದರೆ ಅದೇ ಪಾಲು ನಾಲ್ಕಾಗಿ ಒಡೆಯುತ್ತದೆ, ನಿಮ್ಮ ಕೆಲಸವೇ ನಿಧಾನವಾಗುತ್ತದೆ ಎಂದೆ. ನಾಲ್ಕು ಎರಡಕ್ಕಿಂತ ಹೆಚ್ಚಲ್ಲವೇ ಎಂದು ಅವರು ನನ್ನನ್ನೇ ಕೇಳಿದರು. ಅಷ್ಟರಲ್ಲಿ ಆಸ್ಪತ್ರೆಯ ಕಚೇರಿಯವರೂ ಎದ್ದು ನಿಂತರು. ಸಾಕುಸಾಕಾದ ಸೆಕ್ರೆಟರಿಯವರು ಈ ಅಂಕಿ ಹೆಚ್ಚೆಂದರೆ ಎಷ್ಟರವರೆಗೆ ಹೋಗುತ್ತದೆ ಎಂದು ಕೇಳಿದರು. ಹತ್ತು ಸಾವಿರ ಎಂದೆ.

"ಹಂಗಾದ್ರ ಮೂರೂ ಮಂದಿಗಿ ಹತ್ತು ಸಾವಿರ ಕೊಟ್ಟುಬಿಡ್ರಿ. ಜಗಳ ಬ್ಯಾಡ."

ಕಮಲಾಪುರದ ಗತಿಯೇನು ಎಂದು ಕೇಳಿದೆ. ಅದು ಸಣ್ಣ ಕೌಂಟರ್, ಇದ್ದಷ್ಟೇ ಇರಲಿ ಎಂದರು. ಕಮಲಾಪುರದ ಪರವಾಗಿ ಮಾತಾಡಲು ಸಭೆಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ನನ್ನ ಮಾತಿಗಂತೂ ಚಹಾದ ಜೊತೆಗಿನ ಬಿಸ್ಕಿಟಿಗಿದ್ದ ಬೆಲೆಯೂ ಇರಲಿಲ್ಲ. ಇನ್ನು ಮುಂದೆ ಸಭೆಯ ಒಪ್ಪಿಗೆಯಿಲ್ಲದೆ ಯಾವ ಸರ್ವರ್‌ನ ಪಾಲನ್ನೂ ಬದಲಿಸಬಾರದು ಎಂದು ಠರಾವು ಬೇರೆ ಮಾಡಿದರು.

ಮೂವರಿಗೂ ಒಂದೇ ಅಂಕಿ ಏರಿಸಿದರೆ ಅವರವರ ನಡುವೆ ಏನೂ ಬದಲಾಗುವುದಿಲ್ಲ. ಬದಲಾದದ್ದು ಕಮಲಾಪುರದ ಸ್ಥಿತಿ ಒಂದೇ. ನಾಲ್ಕರಲ್ಲಿ ಒಂದು ಪಾಲು ಸಿಗುತ್ತಿದ್ದಲ್ಲಿ ಈಗ ಮುನ್ನೂರರಲ್ಲಿ ಒಂದು ಪಾಲೂ ಇಲ್ಲ. ಮೊದಲು ತೆವಳುತ್ತಿದ್ದ ಕೌಂಟರ್ ಈಗ ನಿಂತೇ ಹೋಯಿತು. ಸಿಸ್ಟರ್ ಫೋನು ಮಾಡಿ, ಏಳು ತಿಂಗಳ ಬಸುರಿಯನ್ನು ಒಂದು ಚೀಟಿಗಾಗಿ ಬಸ್ಸು ಹತ್ತಿಸಿದ್ದೇನೆ, ನೀವು ಸರಿಮಾಡುತ್ತೇನೆ ಅಂದದ್ದು ಇದನ್ನೇ ಏನು ಎಂದು ಕೇಳಿದರು.

ಆದರೂ ಒಂದು ಪ್ರಶ್ನೆ ಬಗೆಹರಿಯಲಿಲ್ಲ. ಹತ್ತು ಸಾವಿರದವರು ಕೈಚಾಚಿದಾಗ ಮಾತ್ರ ನೂರರವನಿಗೆ ಕೊರತೆಯಾಗಬೇಕು. ಆಫೀಸು ಎಂದ ಮೇಲೆ ಊಟಕ್ಕೆ ಏಳುತ್ತಾರೆ, ಹರಟುತ್ತಾರೆ, ಭಾನುವಾರ ಬಾಗಿಲು ಹಾಕುತ್ತಾರೆ. ಆದರೆ ಭಾನುವಾರವೂ ಪರದೆಯ ಅಂಕಿ ನೂರೇ. ನನ್ನ ಜಾಗದಿಂದ ಯಾವ ಸರ್ವರ್ ಎಷ್ಟು ತಿನ್ನುತ್ತಿದೆ ಎಂಬುದು ಕಾಣುತ್ತಿತ್ತು, ಒಳಗೆ ಏನು ಓಡುತ್ತಿದೆ ಎಂಬುದು ಕಾಣುತ್ತಿರಲಿಲ್ಲ. ಒಳಗೆ ನೋಡಲು ಆಯಾ ವಿಭಾಗದ ಪಾಸ್‌ವರ್ಡ್ ಬೇಕು. ಪರೀಕ್ಷಾ ವಿಭಾಗದವರು ಅಂಕಗಳ ಗೌಪ್ಯ ಎಂದರು. ಲೆಕ್ಕದವರು ಆಡಿಟ್ ಮುಗಿಯಲಿ ಎಂದರು. ಆಸ್ಪತ್ರೆಯವರು ಮೊದಲು ಆ ಇಬ್ಬರು ಕೊಡಲಿ ಎಂದರು.

ತಲೆ ಕೆಟ್ಟು, ಕೌಂಟರನ್ನಾದರೂ ಕಣ್ಣಾರೆ ನೋಡೋಣವೆಂದು ಒಂದು ಬೆಳಿಗ್ಗೆ ಕಮಲಾಪುರದ ಮೇಲೆ ಹೋಗುವ ಹುಮನಾಬಾದ ಬಸ್ಸು ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. ನಡುವಿನ ಸೀಟೊಂದರಲ್ಲಿ ಮಾತ್ರ ಕಿಟಕಿಯ ಪಕ್ಕ ಖಾಲಿಯಿತ್ತು, ಅದರ ಮೇಲೆ ಒಂದು ದಸ್ತಿ ಹಾಸಿತ್ತು. ಯಾರೋ ಹೊರಗಿನಿಂದಲೇ ಕಿಟಕಿಯೊಳಗೆ ಕೈಹಾಕಿ ಕರವಸ್ತ್ರ ಹಾಕಿ ಜಾಗ ಹಿಡಿದು ಹೋಗಿದ್ದರು. ಕೂಡಲು ಹೋದರೆ ಪಕ್ಕದಲ್ಲಿದ್ದವನು ಮಂದಿ ಇದ್ದಾರೆ, ಬರುತ್ತಾರೆ ಎಂದು ತಡೆದ. ಬಸ್ಸು ಹೊರಟಿತು. ಊರು ದಾಟಿತು. ಬರುವವರು ಬರಲೇ ಇಲ್ಲ, ಬೇರೆ ಬಸ್ಸು ಹತ್ತಿರಬೇಕು. ನನ್ನ ಪಕ್ಕ ಕೂಸು ಎತ್ತಿಕೊಂಡು ಒಬ್ಬ ತಾಯಿ ಜೋತಾಡುತ್ತಿದ್ದಳು. ನಾನು ಮತ್ತೆ ಕೇಳಿದೆ. ಅವನು ನಾನು ಕಳ್ಳಿಯೇನೋ ಎಂಬಂತೆ ನೋಡಿ ದಸ್ತಿಯನ್ನು ಇನ್ನಷ್ಟು ಅಗಲ ಮಾಡಿ ಹರಡಿದ. ಆ ದಸ್ತಿ ಅವನದೂ ಅಲ್ಲ. ಕೊನೆಗೆ ಕಂಡಕ್ಟರು ಬಂದು ಅದನ್ನು ತೆಗೆದು ಕಿಟಕಿಯ ಸರಳಿಗೆ ಕಟ್ಟಿ ಆ ತಾಯಿಯನ್ನು ಕೂಡಿಸಿದರು. ನಾನು ಸರಳು ಹಿಡಿದು ನಿಂತು, ಖಾಲಿ ಸೀಟನ್ನು ಕಾಯುವ ಈ ಜನದ ಬುದ್ಧಿಗೆ ಮನಸ್ಸಿನಲ್ಲೇ ಮಂಗಳಾರತಿ ಎತ್ತುತ್ತಿದ್ದೆ. ಆಗಲೇ ನನಗೆ ಹೊಳೆದದ್ದು, ನಮ್ಮ ಮೂರು ವಿಭಾಗದವರೂ ಇಂಥ ಬಸ್ಸಿನಲ್ಲೇ ಓಡಾಡಿ ಬೆಳೆದವರು ಎಂದು.

ಕಮಲಾಪುರದಲ್ಲಿ ಸಿಸ್ಟರ್ ನನ್ನನ್ನು ಕುಳಿತುಕೊಳ್ಳಿ ಎನ್ನಲಿಲ್ಲ. ಕೌಂಟರಿನ ಕುರ್ಚಿ ಬಿಟ್ಟು ಎದ್ದು, ನೀವೇ ತೆರೆದು ಕೊಡಿ ಎಂದು ಪಕ್ಕಕ್ಕೆ ನಿಂತರು. ಎದುರಿಗೆ ಬಾಳೆಯ ತೋಟದಲ್ಲಿ ದುಡಿಯುವ ಮುದುಕಿಯೊಬ್ಬಳು ಸೆರಗಿನ ತುದಿ ಹಿಡಿದು ಕಾಯುತ್ತಿದ್ದಳು. ನಾನು ಅವಳ ಹೆಸರು ಹೊಡೆದು ಗುಂಡಿ ಒತ್ತಿದೆ. ಪರದೆ ಬಿಳಿಚಿಕೊಂಡು ನಿಂತಿತು. ಮುದುಕಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಬಹಳ ಹೊತ್ತಿನ ಮೇಲೆ ಸಿಸ್ಟರ್ ಅವಳ ಕೈಹಿಡಿದು, ನಾಳೆ ಜೀಪಿನವನನ್ನು ಕಾಡಿಬೇಡಿ ನಿನ್ನದೊಂದು ತರಿಸುತ್ತೇನೆ ಎಂದು ಸಮಾಧಾನ ಹೇಳಿ ಕಳಿಸಿದರು. ನನಗೆ ನಾಚಿಕೆಯಾಯಿತು. ವಾಪಸ್ ಬರುವಾಗ ಸೀಟು ಸಿಕ್ಕಿತು, ಕುಳಿತರೂ ಕುದಿಯುತ್ತಲೇ ಬಂದೆ.

ಮರುದಿನ ನೇರವಾಗಿ ಲೆಕ್ಕಾಧಿಕಾರಿಗಳ ಹತ್ತಿರ ಹೋದೆ. ಸುತ್ತಿ ಬಳಸಿ ಕೇಳುವ ತಾಳ್ಮೆ ಉಳಿದಿರಲಿಲ್ಲ. ಕೆಲಸವಿಲ್ಲದಾಗ ಸರ್ವರ್‌ನಲ್ಲಿ ಏನಾದರೂ ಸುಮ್ಮನೆ ಓಡಿಸಿಡುತ್ತೀರಾ ಎಂದೆ. ಅವರು ಅಳುಕಲಿಲ್ಲ, ಮುಚ್ಚಿಡಲೂ ಇಲ್ಲ.

"ಮತ್ತ ಬಿಡೋದು ಹ್ಯಾಂಗ್ರಿ ಮೇಡಂ? ಖರ್ಚ ಆಗದ ಅನುದಾನ ಮಾರ್ಚಿಗಿ ವಾಪಸ್ ಹೋಗ್ತದ, ಮುಂದಿನ ವರ್ಷ ಕಡಿತ ಆಗ್ತದ. ಇದೂ ಹಂಗೇ ಅಲ್ಲೇನ್ರಿ?"

ಅವರು ಹಳೆಯ ವರ್ಷಗಳ ಲೆಕ್ಕವನ್ನೆಲ್ಲ ಮೊದಲಿನಿಂದ ಕೂಡಿಸುವ ಪ್ರೋಗ್ರಾಂ ಒಂದನ್ನು ಹಗಲಿರುಳು ಓಡಿಸುತ್ತಿದ್ದರು. ಮುಗಿದರೆ ಮತ್ತೆ ಮೊದಲಿನಿಂದ. ಉತ್ತರ ಬದಲಾಗುವ ಪ್ರಶ್ನೆಯೇ ಇರಲಿಲ್ಲ. ಈ ಉಪಾಯ ಕಲಿಸಿದವರು ಪರೀಕ್ಷಾ ವಿಭಾಗದ ಮುಖ್ಯಸ್ಥರಂತೆ. ಅವರು ವಿದ್ಯಾರ್ಥಿಗಳ ಹೆಸರನ್ನು ಅಕಾರಾದಿಯಾಗಿ ಜೋಡಿಸಿ, ಆಮೇಲೆ ತಿರುಗಾಮುರುಗಾ ಜೋಡಿಸಿ, ಮತ್ತೆ ಸರಿಮಾಡುತ್ತಿದ್ದರು. ಆಸ್ಪತ್ರೆಯ ಕಚೇರಿಯವರು ಅದರದೇ ನಕಲು ಮಾಡಿದ್ದರು. ಅಲ್ಲಿ ಕಮಲಾಪುರದ ಮುದುಕಿ ಚೀಟಿಗೆ ಕಾಯುತ್ತಿದ್ದರೆ ಇಲ್ಲಿ ಎರಡು ಪ್ರೊಸೆಸರ್‌ಗಳು ಹೆಸರುಗಳನ್ನು ಕೆಡಿಸಿ ಕೆಡಿಸಿ ಜೋಡಿಸುತ್ತಿದ್ದವು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಲ್ಲಿ ಯಾವುದೂ ವಾಪಸ್ ಹೋಗುವುದಿಲ್ಲ, ಯಾರೂ ಕಡಿತ ಮಾಡುವುದಿಲ್ಲ, ಬೇಕೆಂದ ಕ್ಷಣ ನಿಮ್ಮ ಪಾಲು ನಿಮಗೇ ಸಿಗುತ್ತದೆ ಎಂದು ಮೂವರಿಗೂ ಬಿಡಿಸಿ ಬಿಡಿಸಿ ಹೇಳಿದೆ. ಮೂವರೂ ತಲೆದೂಗಿದರು. ಹೇಳುವುದು ಖರೆ ಇದೆ, ಮೊದಲು ಅವರು ನಿಲ್ಲಿಸಲಿ ಎಂದು ಮೂವರೂ ಒಬ್ಬರ ಕಡೆ ಒಬ್ಬರು ಬೊಟ್ಟು ಮಾಡಿದರು. ಒಂದೇ ಗಳಿಗೆಯಲ್ಲಿ ಮೂವರೂ ನಿಲ್ಲಿಸುವುದು ಎಂದು ಗೊತ್ತು ಮಾಡಿದೆ. ಆ ಗಳಿಗೆ ಬಂದಾಗ ಮೂವರೂ ಉಳಿದಿಬ್ಬರು ನಿಲ್ಲಿಸಿದರೇ ಎಂದು ಕೇಳಲು ನನಗೇ ಫೋನು ಮಾಡಿದರು. ಯಾರೂ ನಿಲ್ಲಿಸಿರಲಿಲ್ಲ.

ಸೆಕ್ರೆಟರಿಯವರಿಂದ ಅಪ್ಪಣೆ ಮಾಡಿಸೋಣವೆಂದು ಹೋದೆ. ಇವೆಲ್ಲ ನಿಂತರೆ ಪರದೆಯ ಮೇಲಿನ ಅಂಕಿ ಎಷ್ಟಕ್ಕೆ ಇಳಿಯುತ್ತದೆ ಎಂದು ಕೇಳಿದರು. ಇಪ್ಪತ್ತೋ ಮೂವತ್ತೋ ಇರಬಹುದು ಎಂದೆ. ಅವರ ಮುಖ ಸಣ್ಣದಾಯಿತು. ಇಷ್ಟು ದೊಡ್ಡ ಯಂತ್ರ ಯಾಕೆ ತಂದಿರಿ ಎಂದು ಆಡಳಿತ ಮಂಡಳಿ ಕೇಳಿದಾಗಲೆಲ್ಲ ಅವರ ಕೈಯಲ್ಲಿದ್ದ ಉತ್ತರ ಆ ನೂರು ಒಂದೇ. ಅಂಕಿ ಇಳಿಯುವ ಕೆಲಸ ಏನೂ ಮಾಡಬೇಡಿ, ಕಮಲಾಪುರದ್ದು ಯುಗಾದಿ ಆದಮೇಲೆ ಹೇಗೂ ಮುಚ್ಚುತ್ತದೆ ಎಂದು ಹೇಳಿ ಕಳಿಸಿದರು. ಕೋಣೆಯ ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿಕೊಂಡು ಬಂದೆ.

ಮೇಜಿಗೆ ಬಂದು ಕುಳಿತು ನನಗೆ ಯಾವ ಯಾವ ದಾರಿ ಬಂದ್ ಆಗಿದೆ ಎಂದು ಯೋಚಿಸಿದೆ. ಪಾಲು ಬದಲಿಸುವಂತಿಲ್ಲ, ಠರಾವು ಇದೆ. ಕದ್ದು ಕಮಲಾಪುರಕ್ಕೂ ಹತ್ತು ಸಾವಿರ ಕೊಟ್ಟರೆ ಹಳೆಯ ತೆವಳಾಟಕ್ಕೇ ಮರಳುತ್ತೇವೆ, ಏಕೆಂದರೆ ನಾಲ್ಕರಲ್ಲಿ ಒಂದು ಪಾಲು ಆ ರಿಪೋರ್ಟ್ ಪ್ರೋಗ್ರಾಂಗೆ ಮೊದಲೇ ಸಾಲುತ್ತಿರಲಿಲ್ಲ. ಆ ವ್ಯರ್ಥ ಓಟ ನಿಲ್ಲಿಸಲು ಯಾರೂ ತಯಾರಿಲ್ಲ. ಪರದೆಯ ಅಂಕಿ ನೂರರಿಂದ ಇಳಿಯಕೂಡದು. ಇಷ್ಟೆಲ್ಲ ಬೇಡಗಳ ನಡುವೆ ಒಂದು ಮಾತನ್ನು ಮಾತ್ರ ಯಾರೂ ಬೇಡವೆಂದಿರಲಿಲ್ಲ. ಹೊಸ ಸರ್ವರ್ ಹುಟ್ಟಿಸಬಾರದು ಎಂದು ಠರಾವಿನಲ್ಲಿ ಎಲ್ಲಿಯೂ ಇರಲಿಲ್ಲ. ಅವರ ಓಟವನ್ನು ನಿಲ್ಲಿಸುವ ಆಸೆಯನ್ನು ನಾನು ಅವತ್ತೇ ಬಿಟ್ಟೆ. ಓಡಲಿ, ಯಾರಿಗೂ ಅಡ್ಡಬಾರದ ಕಡೆ ಓಡಲಿ ಎಂದು ತೀರ್ಮಾನಿಸಿದೆ.

ಮೂರು ವಿಭಾಗಕ್ಕೂ ಒಂದೊಂದು ಹೊಸ ಸರ್ವರ್ ಮಾಡಿ ಅದಕ್ಕೆ ಮೀಸಲು ಸರ್ವರ್ ಎಂದು ಹೆಸರಿಟ್ಟೆ. ಹೊಸ ಸರ್ವರ್‌ಗೆ ಪಾಲಿನ ಅಂಕಿಯನ್ನು ಮೊದಲ ಸಲ ಬರೆಯುವವಳು ನಾನೇ. ಕನಿಷ್ಠ ಎಷ್ಟು ಬರೆಯಬಹುದೋ ಅಷ್ಟು ಬರೆದೆ: ಒಂದು. ನೂರರ ಮುಂದೆ ಒಂದು ಎಂದರೆ ಕಮಲಾಪುರ ಕೈಚಾಚಿದ ಕೂಡಲೇ ಈ ಮೀಸಲಿನವು ಬದಿಗೆ ಸರಿಯಬೇಕು. ಯಾರಿಗೂ ಏನೂ ಬೇಡವಾದಾಗ ಉಳಿದದ್ದನ್ನೆಲ್ಲ ತಿಂದುಕೊಂಡು ಪರದೆಯ ಅಂಕಿಯನ್ನು ನೂರಕ್ಕೇ ನಿಲ್ಲಿಸಿರುತ್ತವೆ. ನಿಮ್ಮ ಪಾಲು ಕಾಯುವ ಕೆಲಸಕ್ಕೆ ಪ್ರತ್ಯೇಕ ಸರ್ವರ್ ಕೊಟ್ಟಿದ್ದೇನೆ, ಇನ್ನು ನಿಮ್ಮ ನಿಜವಾದ ಕೆಲಸಕ್ಕೂ ಅದು ಅಡ್ಡಬರುವುದಿಲ್ಲ ಎಂದು ಮೂವರಿಗೂ ಹೇಳಿದೆ. ಅದು ಸುಳ್ಳೂ ಅಲ್ಲ. ಅದರ ಪಾಲು ಎಷ್ಟು ಎಂದು ಕೇಳಿದ್ದರೆ ಹೇಳುತ್ತಿದ್ದೆ. ಎರಡು ಸರ್ವರ್ ಸಿಕ್ಕ ಸಂತೋಷದಲ್ಲಿ ಯಾರೂ ಕೇಳಲಿಲ್ಲ.

ಆ ಪ್ರೋಗ್ರಾಂಗಳನ್ನು ಹೊಸ ಕಡೆಗೆ ಸಾಗಿಸುವುದೇನು ಸಲೀಸಾಗಿ ಆಗಲಿಲ್ಲ. ಮೂರು ಹೊಸ ಸರ್ವರ್ ಸೇರಿದ್ದರಿಂದ ಯಂತ್ರದ ಮೆಮೊರಿ ಸಾಲದೆ ಮೊದಲ ದಿನ ಎಲ್ಲವೂ ಏದುಸಿರು ಬಿಟ್ಟವು. ಮೀಸಲಿನವುಗಳ ಮೆಮೊರಿಯನ್ನು ಕತ್ತರಿಸಿ ಕತ್ತರಿಸಿ ಏಳಲು ಬೇಕಾದಷ್ಟೇ ಉಳಿಸಿದೆ. ಪರೀಕ್ಷಾ ವಿಭಾಗದ ಮುಖ್ಯಸ್ಥರು ತಮ್ಮ ಪ್ರೋಗ್ರಾಮನ್ನು ಬೇರೆಯವರು ಮುಟ್ಟಕೂಡದೆಂದು ತಾವೇ ಕುಳಿತು ಸಾಗಿಸಿದರು, ಆದರೆ ಹಳೆಯ ಜಾಗದಲ್ಲಿ ನಿಲ್ಲಿಸಲು ಮರೆತರು. ಹತ್ತು ಸಾವಿರದ ಪಾಲಿನಲ್ಲಿ ಅದೂ ಓಡುತ್ತಿತ್ತು, ಒಂದರ ಪಾಲಿನಲ್ಲಿ ಇದೂ ಓಡುತ್ತಿತ್ತು. ಮರೆತದ್ದು ನಿಜವೋ ಬೇಕೆಂದೇ ಬಿಟ್ಟದ್ದೋ ಎಂದು ನಾನು ಕೇಳಲಿಲ್ಲ. ಅವರ ಪಕ್ಕ ನಿಂತು, ನಿಲ್ಲಿಸುವ ತನಕ ಅಲ್ಲಾಡಲಿಲ್ಲ.

ಅವರು ಅದನ್ನು ನಿಲ್ಲಿಸಿ ಸ್ವಲ್ಪ ಹೊತ್ತಿಗೆ ಕಮಲಾಪುರದ ಫೋನು ಬಂತು. ಬೈಗುಳಕ್ಕೆ ಸಿದ್ಧಳಾಗಿ ಎತ್ತಿದೆ. ಸಿಸ್ಟರ್ ದನಿ ತಗ್ಗಿಸಿ, ಹೆಸರು ಹೊಡೆದು ಬೆರಳು ಎತ್ತುವುದರೊಳಗೆ ಬರುತ್ತಿದೆ, ಏನಾದರೂ ತಪ್ಪಾಗಿದೆಯೇ ಎಂದು ಕೇಳಿದರು. ಏನೂ ತಪ್ಪಾಗಿಲ್ಲ, ಇನ್ನೊಂದು ಹೆಸರು ಹೊಡೆದು ನೋಡಿ ಎಂದೆ. ತಿಂಗಳ ಕೊನೆಯಲ್ಲಿ ಲೆಕ್ಕದವರ ನಿಜವಾದ ಕೆಲಸ ಬಂದಾಗ ಕೌಂಟರ್ ಒಂದಷ್ಟು ಹೊತ್ತು ತೊದಲಿತು, ಮತ್ತೆ ಸರಿಹೋಯಿತು. ಯುಗಾದಿಗೆ ಮೊದಲು ಸೆಕ್ರೆಟರಿಯವರು ಕಮಲಾಪುರಕ್ಕೆ ತಾವೇ ಹೋಗಿ, ಸಾಲು ಸರಸರನೆ ಕರಗುವುದನ್ನು ನೋಡಿ ಬಂದರು. ಮುಚ್ಚುವ ಮಾತನ್ನು ಆಮೇಲೆ ಎತ್ತಲಿಲ್ಲ.

ಹಬ್ಬದ ನಂತರದ ಸಭೆಗೆ ಮೊದಲ ಸಲ ಸಿಸ್ಟರನ್ನೂ ಕರೆಸಿದ್ದರು. ಸೆಕ್ರೆಟರಿಯವರು ಸರ್ವರ್‌ಗಳ ಹೆಸರು ಕರೆದು ಒಂದೊಂದರ ಸ್ಥಿತಿ ಕೇಳಿದರು. ಪರೀಕ್ಷಾ ವಿಭಾಗ, ಪರೀಕ್ಷಾ ವಿಭಾಗದ ಮೀಸಲು. ಲೆಕ್ಕಪತ್ರ, ಲೆಕ್ಕಪತ್ರದ ಮೀಸಲು. ಆಸ್ಪತ್ರೆ, ಆಸ್ಪತ್ರೆಯ ಮೀಸಲು. ಕೊನೆಗೆ ಕಮಲಾಪುರ. ಮೀಸಲಿನ ಹೆಸರು ಬಂದಾಗಲೆಲ್ಲ ಅವರವರು ಎದ್ದು, ಹಗಲಿರುಳು ಬಿಡುವಿಲ್ಲದೆ ನಡೆಯುತ್ತಿದೆ ಎಂದು ಗಂಭೀರವಾಗಿ ಹೇಳಿದರು. ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದೆ.

ಸಭೆ ಮುಗಿದ ಮೇಲೆ ಸಿಸ್ಟರ್ ನನ್ನನ್ನು ವರಾಂಡದಲ್ಲಿ ಹಿಡಿದರು. ಎಲ್ಲರಿಗೂ ಮೀಸಲು ಕೊಟ್ಟು ಕಮಲಾಪುರಕ್ಕೆ ಮಾತ್ರ ಯಾಕೆ ಕೊಡಲಿಲ್ಲ ಎಂದು ಕೇಳಿದರು. ಮುನಿಸು ಮುಖದ ಮೇಲೇ ಇತ್ತು. ಅವರನ್ನು ಕಂಪ್ಯೂಟರ್ ಕೋಣೆಗೆ ಕರೆದೊಯ್ದು, ಕೂಡಿಸಿ, ಎಲ್ಲ ಕಥೆಯನ್ನೂ ಹೇಳಿದೆ. ಅದು ದುಡಿಯುವ ಸರ್ವರ್ ಅಲ್ಲ, ಜಗಳ ತಪ್ಪಿಸಲು ಕೊಟ್ಟದ್ದು, ನಿಮ್ಮ ಕೌಂಟರ್ ಓಡುತ್ತಿರುವುದೇ ಅವುಗಳ ಪಾಲು ಬರೀ ಒಂದು ಇರುವುದರಿಂದ ಎಂದು ಬಿಡಿಸಿದೆ. ಅವರು ಅರ್ಧದಲ್ಲಿ ತಡೆಯದೆ ಕೇಳಿದರು.

"ಅದರಿಂದ ಏನೂ ಉಪಯೋಗ ಇಲ್ಲಂತ ತಿಳೀತ್ರಿ ಮೇಡಂ. ಆದ್ರ ಅವರ ಹೆಸರು ಎರಡೆರಡು ಸಲ ಬಂತು, ನಮ್ದು ಒಂದೇ ಸಲ ಬಂತು. ನಾಳಿ ಏನರ ಬಂದ್ ಮಾಡಬೇಕಂತ ಕೂತ್ರ ಮೊದಲ ಯಾವುದರ ಮ್ಯಾಲ ಕೈ ಹಾಕ್ತಾರ್ರಿ?"

ಯಾವುದರ ಮೇಲೆ ಎಂದು ನನಗೂ ಗೊತ್ತಿತ್ತು. ಪಾಲು ಹಂಚಿದ ಸಭೆಯಲ್ಲಿ ನಾನೂ ಕುಳಿತಿದ್ದೆನಲ್ಲ. ಅವರು ಕೈಚೀಲ ತೆಗೆದುಕೊಂಡು ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಅವರು ಮೆಟ್ಟಿಲಿಳಿಯುವುದರೊಳಗೆ ನಾನು ಕೀಲಿಮಣೆಯ ಮುಂದೆ ಕುಳಿತು ಕಮಲಾಪುರದ ಮೀಸಲು ಎಂದು ಇನ್ನೊಂದು ಸರ್ವರ್ ಹುಟ್ಟಿಸಿದೆ. ಅದರಲ್ಲಿ ಸೊನ್ನೆಯಿಂದ ಎಣಿಸುತ್ತ ಹೋಗುವ ಸಣ್ಣ ಪ್ರೋಗ್ರಾಂ ಒಂದನ್ನು ಓಡಲು ಬಿಟ್ಟು, ಪಾಲಿನ ಜಾಗದಲ್ಲಿ ಒಂದು ಎಂದು ಬರೆದೆ. ಉಳಿದ ಮೂವರದೂ ಅಷ್ಟೇ. ಹತ್ತು ಸಾವಿರದ ಸಭೆಯಾದ ಮೇಲೆ ಆ ಯಂತ್ರದಲ್ಲಿ ಕಮಲಾಪುರಕ್ಕೆ ಎಲ್ಲರ ಸರಿಸಮ ಪಾಲು ಸಿಕ್ಕಿದ್ದು ಅದೊಂದೇ ಕಡೆ, ಕೆಲಸವೇ ಇಲ್ಲದ ಕಡೆ.